ಮಸಿಬಟ್ಟೆಯ ಯೋಗ್ಯತೆ

ಅನೇಕ ವರ್ಷ ಉಟ್ಟು, ಒಗೆದು, ಮೆತ್ತಗಾದ ಹತ್ತಿ ಸೀರೆ, ಪಂಚೆಗಳ ತುಂಡುಗಳು ಮನೆಯ ಒರೆಸುವ ಕೆಲಸಕ್ಕೆ ಒದಗುವಷ್ಟು ಚೆನ್ನಾಗಿ ಹೊಸ ಬಟ್ಟೆ ಒದಗುವುದಿಲ್ಲ ಎಂಬ ಗೃಹಿಣಿಯರ ತಿಳಿವಳಿಕೆಗೆ ನೂಲಿನ ಗುಣದಲ್ಲಿಯೇ ಆಧಾರವಿದೆ. ಹತ್ತಿಯ ಎಳೆ ಬಹುಪಾಲು ಸೆಲ್ಯುಲೋಸಿನಿಂದ, ಅಂದರೆ ಸಸ್ಯಕೋಶಗಳ ಗೋಡೆಯನ್ನು ಕಟ್ಟುವ, ನೀರನ್ನು ತನ್ನತ್ತ ಸೆಳೆದುಕೊಳ್ಳುವ ವಸ್ತುವಿನಿಂದ ಆದದ್ದು. ಎಳೆಯ ಮೈಗೆ ಅಂಟಿದ ಸಹಜ ಮೇಣ, ನೇಯುವಾಗ ಹಾಸಿನ ನೂಲು ತುಂಡಾಗದಿರಲೆಂದು ಹಚ್ಚಿದ ಗಂಜಿ, ಇವೆರಡೂ ಹೊಸ ಬಟ್ಟೆಯಲ್ಲಿ ಉಳಿದಿರುವಷ್ಟು ಕಾಲ ಆ ಗುಣವನ್ನು ತಡೆಯುತ್ತವೆ. ಒಗೆತದಿಂದ ಒಗೆತಕ್ಕೆ ಅವು ಕಳೆದುಹೋಗಿ, ನೂಲು ಸಡಿಲಗೊಂಡು, ಬಟ್ಟೆ ನೀರನ್ನು ಬೇಗ ಹೀರತೊಡಗುತ್ತದೆ. ಇದರ ಜೊತೆಗೆ, ನೆನೆದ ಹತ್ತಿ ಒಣ ಹತ್ತಿಗಿಂತ ಗಟ್ಟಿಯಾದ್ದರಿಂದ ಎಷ್ಟು ಬಾರಿ ಹಿಂಡಿದರೂ ತಾಳಿಕೊಳ್ಳುತ್ತದೆ.

ಹಳತಾಗುವುದರಿಂದ ಬಟ್ಟೆಗೆ ಬರುವ ಈ ಹದ ಜೀವ ಉಳಿಸುವ ಮಟ್ಟಕ್ಕೂ ಹೋಗಬಲ್ಲದು. ವಿಜ್ಞಾನಿ ರೀಟಾ ಕೋಲ್ವೆಲ್ ಮತ್ತು ಸಂಗಡಿಗರು ಬಾಂಗ್ಲಾದೇಶದ ಹಳ್ಳಿಗಳಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಲವು ಪದರವಾಗಿ ಮಡಿಸಿದ ಹಳೆಯ ಸೀರೆಯಲ್ಲಿ ನೀರು ಸೋಸಿ ಕುಡಿದವರಲ್ಲಿ ಕಾಲರಾ ಶೇಕಡಾ 48ರಷ್ಟು ಕಡಿಮೆಯಾಗಿತ್ತು. ಒಗೆದೊಗೆದು ನೂಲು ಅರಳಿ ನೇಯ್ಗೆಯ ಕಂಡಿಗಳು ಕಿರಿದಾಗಿದ್ದರಿಂದ, ರೋಗಾಣುಗಳನ್ನು ಹೊತ್ತ ಸೂಕ್ಷ್ಮ ಜಲಜೀವಿಗಳು ಹಳೆಯ ಸೀರೆಯಲ್ಲಿ ಹೆಚ್ಚು ಚೆನ್ನಾಗಿ ಸಿಕ್ಕಿಬೀಳುತ್ತಿದ್ದವು.

ಒಲೆಯಿಂದ ಬಿಸಿ ಪಾತ್ರೆ ಇಳಿಸಲು, ಕಟ್ಟೆ ಒರೆಸಲು ಬಳಸುವ ಮಸಿಬಟ್ಟೆ ಹತ್ತಿಯದೇ ಆಗಿರಬೇಕೆಂಬುದು ಸುರಕ್ಷತೆಯ ಪ್ರಶ್ನೆ. ಪಾಲಿಯೆಸ್ಟರ್ ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಹತ್ತಿಯದಾದರೂ ಅದು ಒಣಗಿರಬೇಕು, ಏಕೆಂದರೆ ನೂಲುಗಳ ನಡುವಿನ ಗಾಳಿ ಶಾಖವನ್ನು ತಡೆದರೆ, ಅದೇ ಜಾಗವನ್ನು ತುಂಬಿದ ನೀರು ಶಾಖವನ್ನು ಬೇಗನೆ ಕೈಗೆ ದಾಟಿಸುತ್ತದೆ. ಇಂದಿನ ಉಡುಪುಗಳಲ್ಲಿ ಪಾಲಿಯೆಸ್ಟರ್ ಬೆರಕೆ ಹೆಚ್ಚಿರುವುದರಿಂದ ಹಳೆಬಟ್ಟೆಯ ಗಂಟಿನಿಂದ ಕಣ್ಣುಮುಚ್ಚಿ ಒಂದನ್ನು ಎಳೆದುಕೊಳ್ಳುವಂತಿಲ್ಲ ಎಂಬುದು ನಿಜಕ್ಕೂ ದೊಡ್ಡ ನಷ್ಟವೇ ಸರಿ. ಒಗೆದ ಬಟ್ಟೆಯ ಮೇಲೆ ಒಂದು ಹನಿ ನೀರು ಬಿಟ್ಟಾಗ ಅದು ಕೂಡಲೇ ಹರಡಿ ಇಂಗಿದರೆ ಆ ಬಟ್ಟೆ ಒರೆಸಲು ಯೋಗ್ಯವೆಂದು ತಿಳಿಯಬಹುದು.

ಹತ್ತಿಯ ಬದಲಿಗೆ ಒರೆಸಲು ಬಳಸುವ ಮೈಕ್ರೋಫೈಬರ್ ಎಂಬುದು, 9000 ಮೀಟರ್ ಉದ್ದವಿದ್ದರೂ ಒಂದು ಗ್ರಾಂಗಿಂತ ಕಡಿಮೆ ತೂಗುವಷ್ಟು ನವಿರಾದ ಕೃತಕ ಎಳೆ. ಕನ್ನಡಿ, ಟಿವಿ ಪರದೆಗಳ ಒಣ ದೂಳಿಗೆ ಅದು ಉತ್ತಮವಾದರೂ, ಒಗೆದಾಗಲೆಲ್ಲ ಪ್ಲಾಸ್ಟಿಕ್ಕಿನ ಸಣ್ಣ ಎಳೆಗಳನ್ನು ನೀರಿಗೆ ಬಿಡುವುದರಿಂದ ಮನೆಯ ಎಲ್ಲ ಕೆಲಸಕ್ಕೂ ಅದನ್ನೇ ನೆಚ್ಚುವುದು ಸರಿಯಲ್ಲ.

ಆಯ್ಕೆಯಷ್ಟೇ ಮುಖ್ಯವಾದುದು ಒಣಗಿಸುವ ಕ್ರಮ. ಅನ್ನದ ಅಗುಳು, ಹಾಲಿನ ಪಸೆ ಹಿಡಿದು ತೇವವಾಗಿಯೇ ಮುದುಡಿ ಬಿದ್ದ ಬಟ್ಟೆ ಬ್ಯಾಕ್ಟೀರಿಯಾಗಳ ನೆಲೆಯಾಗುತ್ತದೆ, ಅದರಿಂದ ಒರೆಸಿದ ಕಟ್ಟೆ ಶುಚಿಯಾಗುವ ಬದಲು ಕೊಳೆಯನ್ನು ಹಂಚಿಕೊಳ್ಳುತ್ತದೆ. ನೆಲದ ಬಟ್ಟೆಯನ್ನು ಅಡುಗೆಮನೆಯದರಿಂದ ಬೇರೆಯಾಗಿಡುವುದು, ಮಸಿಬಟ್ಟೆಯನ್ನು ಆಗಾಗ ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಿಗೆ ಹರವುವುದು ಬಯಲುಸೀಮೆಯಲ್ಲಿ ಕಷ್ಟವಲ್ಲ. ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಮಾತ್ರ ದಪ್ಪ ಟವೆಲನ್ನು ಬದಿಗಿಟ್ಟು, ತೆಳು ಪಂಚೆಯ ಸಣ್ಣ ಸಣ್ಣ ತುಂಡುಗಳನ್ನು ಹೆಚ್ಚಿನ ಸಂಖ್ಯೆಯಲ್ಲಿಟ್ಟುಕೊಂಡು, ಬಚ್ಚಲ ಒಲೆಯ ಕಾವಿಗೆ ಸರದಿಯಂತೆ ಒಣಗಿಸಿಕೊಳ್ಳಬೇಕಾಗುತ್ತದೆ.