ಸೈಕಲ್ ಪಂದ್ಯದ ಋತ್ವಿಜರು

ಲೋಕಾಪುರದಿಂದ ಯಾದವಾಡದ ಕಡೆಗೆ ಆಷಾಢಮಾಸದಲ್ಲಿ ಸೈಕಲ್ಲು ತುಳಿದವರಿಗೆ ಗಾಳಿಯೆಂದರೇನೆಂಬುದನ್ನು ಬೇರೊಬ್ಬರು ತಿಳಿಸಿಕೊಡಬೇಕಾದುದಿಲ್ಲ. ಪಡುವಣದಿಂದ ಬೀಸಿ ಬರುವ ಆ ಗಾಳಿಗೆ ಎರೆಯ ಬಯಲಿನಲ್ಲಿ ತಡೆಯೆಂಬುದೇ ಇಲ್ಲವಾದುದರಿಂದ, ಸವಾರನು ಪೆಡಲಿನ ಮೇಲೆ ಎದ್ದುನಿಂತು ಮೈಭಾರವನ್ನೆಲ್ಲ ಹಾಕಿದರೂ ಗಾಡಿಯು ಎತ್ತಿನ ನಡಿಗೆಯನ್ನು ಮೀರದು. ಅಂತಹ ಹೊತ್ತಿನಲ್ಲಿ ಮುಂದೊಬ್ಬ ಹಾಲಿನವನು ಎರಡು ಕಡೆಗೂ ಕ್ಯಾನುಗಳನ್ನು ಇಳಿಬಿಟ್ಟುಕೊಂಡು ಹೋಗುತ್ತಿದ್ದರೆ ಅವನ ಬೆನ್ನಿಗಂಟಿಕೊಂಡು ಸಾಗುವ ಯುಕ್ತಿಯನ್ನು ಶಾಲೆಯ ಹುಡುಗರು ಸಹ ಬಲ್ಲರು. ಹಾಗೆ ಸಾಗುವವನಿಗೆ ಶ್ರಮವು ಸುಮಾರು ಮೂರರಲ್ಲೊಂದು ಪಾಲಿನಷ್ಟು ಕಡಿಮೆಯಾಗುವುದೆಂದು ಲೆಕ್ಕ ಬಲ್ಲವರು ಹೇಳುತ್ತಾರೆ. ಯುರೋಪಖಂಡದಲ್ಲಿ 120 ವರ್ಷಗಳಿಗೂ ಮಿಕ್ಕಿ ನಡೆದುಬಂದಿರುವ ಬಹುದಿನಗಳ ಸೈಕಲ್ ಪಂದ್ಯಗಳೆಲ್ಲ ಈ ಹಾಲಿನವನ ಬೆನ್ನಿನ ಮೇಲೆಯೇ ನಿಂತಿವೆಯೆಂದರೆ ಅತಿಶಯೋಕ್ತಿಯಾಗಲಾರದು.

ಆ ಪಂದ್ಯಗಳಲ್ಲಿ ಮೊದಲನೆಯದೂ ಹಿರಿಯದೂ ಆದುದು ಫ್ರಾನ್ಸ್ ದೇಶದ ‘ತೂರ್ ದ ಫ್ರಾನ್ಸ್’. ‘ಲೋತೋ’ ಎಂಬ ಕ್ರೀಡಾಪತ್ರಿಕೆಯು ತನ್ನ ಪ್ರಸಾರವನ್ನು ಹೆಚ್ಚಿಸಿಕೊಳ್ಳುವ ಸಲುವಾಗಿ 1903ನೆಯ ಇಸವಿಯ ಜುಲೈ ತಿಂಗಳಲ್ಲಿ ಅದನ್ನು ಏರ್ಪಡಿಸಿತು. ಆರು ಮಜಲುಗಳು, 2,428 ಕಿಲೋಮೀಟರುಗಳ ಹಾದಿ. ಹೊರಟವರು 60 ಮಂದಿ, ಕೊನೆ ಮುಟ್ಟಿದವರು 21 ಮಂದಿ. ಗೆದ್ದ ಮೋರೀಸ್ ಗಾರಾಂ ಎಂಬಾತನು ಎರಡನೆಯವನಿಗಿಂತ ಸುಮಾರು ಮೂರು ಗಂಟೆಗಳಷ್ಟು ಮುಂದಿದ್ದನು. ಈಗ ಅದು ಮೂರು ವಾರಗಳಲ್ಲಿ 21 ಮಜಲುಗಳಾಗಿ ನಡೆಯುತ್ತದೆ. ಇಟಲಿಯಲ್ಲಿ 1909ರಿಂದಲೂ ಸ್ಪೇನಿನಲ್ಲಿ 1935ರಿಂದಲೂ ಇಂಥವೇ ಪಂದ್ಯಗಳುಂಟು.

ಮಜಲೆಂಬ ಮಾತು ಈ ಸೀಮೆಗೆ ಹೊಸದಲ್ಲ. ಯುಗಾದಿಗೆ ಮುಂಚೆ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆದುಹೋಗುವ ಯಾತ್ರಿಕರು ಇಂದಿನ ಮುಕ್ಕಾಮು ಎಲ್ಲಿ, ನಾಳಿನದೆಲ್ಲಿ ಎಂಬ ಲೆಕ್ಕದಲ್ಲಿಯೇ ದಿನಗಳನ್ನು ಕಳೆಯುವರು. ಮೊದಲ ದಿನ ಬಿರುಸಾಗಿ ನಡೆದವನ ಕಾಲು ಮೂರನೆಯ ದಿನ ಬೊಬ್ಬೆಯೆದ್ದು ಅವನು ಹಿಂದುಳಿಯುವುದನ್ನು ಅವರೆಲ್ಲರೂ ಕಂಡವರೇ. ಪಂದ್ಯದ ನಿಯಮವೂ ಹೀಗೆಯೇ. ಪ್ರತಿದಿನದ ಕಾಲವನ್ನು ಬರೆದಿಟ್ಟು ಕೂಡುತ್ತ ಹೋಗುವರು. ಯಾರ ಮೊತ್ತವು ಎಲ್ಲಕ್ಕೂ ಕಡಿಮೆಯೋ ಅವನು ಹಳದಿಯ ಅಂಗಿಯನ್ನು ತೊಡುವನು. ಪತ್ರಿಕೆಯನ್ನು ಹಳದಿಯ ಕಾಗದದಲ್ಲಿ ಅಚ್ಚು ಹಾಕುತ್ತಿದ್ದರಾಗಿ 1919ರಿಂದ ಅಂಗಿಗೂ ಅದೇ ಬಣ್ಣ ಬಂದಿತು. ಅಮೇರಿಕೆಯ ಗ್ರೆಗ್ ಲೆಮಾಂಡ್ 1990ರಲ್ಲಿ ಯಾವೊಂದು ದಿನದ ಓಟವನ್ನೂ ಗೆಲ್ಲದೆಯೇ ಇಡಿಯ ಪಂದ್ಯವನ್ನು ಗೆದ್ದನು. ಅದರ ಹಿಂದಿನ ವರ್ಷ ಮೂರು ಸಾವಿರ ಕಿಲೋಮೀಟರುಗಳಿಗೂ ಮಿಕ್ಕಿದ ಹಾದಿಯ ತುದಿಯಲ್ಲಿ ಅವನ ಗೆಲವು ಕೇವಲ 8 ಸೆಕೆಂಡುಗಳದು. ಗಡಿಯಾರದ ಮುಳ್ಳು ಹಾಗಿರಲಿ, ಸೊಲ್ಲೊಂದು ಮುಗಿಯುವಷ್ಟು ಹೊತ್ತು.

ಆದರೆ ಗೆದ್ದವನ ಮಾತು ಇಲ್ಲಿ ಮುಖ್ಯವಲ್ಲ. ತಂಡವೊಂದರಲ್ಲಿ ಈಗ ಎಂಟು ಮಂದಿ ಇರುವರು. ಅವರಲ್ಲಿ ಒಬ್ಬನು ನಾಯಕ. ಉಳಿದವರಲ್ಲಿ ಹೆಚ್ಚಿನವರಿಗೆ ಫ್ರೆಂಚರು ‘ದೊಮೆಸ್ತಿಕ್’, ಎಂದರೆ ಮನೆಯಾಳು ಎಂದು ಹೆಸರಿಟ್ಟಿರುವರು. ನಾಯಕನ ಮುಂದೆ ಹೋಗಿ ಗಾಳಿಯನ್ನು ಸೀಳುವುದು, ಹಿಂದೆ ಬರುವ ಮೋಟಾರಿನಿಂದ ನೀರಿನ ಸೀಸೆಗಳನ್ನು ಅಂಗಿಯೊಳಗೆ ತುಂಬಿ ತಂದು ಹಂಚುವುದು, ನಾಯಕನ ಗಾಡಿ ಕೆಟ್ಟರೆ ತನ್ನದನ್ನೇ ಕೊಟ್ಟು ದಾರಿಯ ಬದಿಗೆ ನಿಲ್ಲುವುದು ಅವರ ಕೆಲಸ. 1934ರಲ್ಲಿ ಕಾನ್ ಪಟ್ಟಣದ ಹೋಟೆಲಿನ ಪರಿಚಾರಕನಾಗಿದ್ದ ರೆನೆ ವಿಯೆತ್ತೋ ಎಂಬ 20 ವರ್ಷದ ಹುಡುಗನು ಮೊದಲ ಸಲ ಆ ಪಂದ್ಯಕ್ಕೆ ಬಂದು ಬೆಟ್ಟದ ಮಜಲುಗಳಲ್ಲಿ ಎಲ್ಲರನ್ನೂ ಬೆರಗುಗೊಳಿಸಿದ್ದನು. ಪಿರನೀಸ್ ಪರ್ವತದ ಇಳಿಜಾರಿನಲ್ಲಿ ಅವನ ನಾಯಕ ಆಂತೊನಾಂ ಮಾಞ್‌ನು ಬಿದ್ದು ಚಕ್ರ ಮುರಿಯಿತು. ವಿಯೆತ್ತೋ ತನ್ನ ಚಕ್ರವನ್ನು ಬಿಚ್ಚಿ ಕೊಟ್ಟು, ತನಗೊಂದು ಚಕ್ರ ಬರುವ ತನಕ ಕಲ್ಲುಗೋಡೆಯ ಮೇಲೆ ಕುಳಿತು ಅತ್ತನು. ಆ ಭಾವಚಿತ್ರವು ಜಗತ್ತನ್ನೆಲ್ಲ ಸುತ್ತಿತು. ಮರುದಿನ ಮಾಞ್‌ನ ಗಾಡಿ ಮತ್ತೆ ಕೆಟ್ಟಿತು. ಮುಂದೆ ಹೋಗಿದ್ದ ಹುಡುಗನು ಸುದ್ದಿಯನ್ನು ಕೇಳಿ, ಇಳಿದುಬಂದ ಬೆಟ್ಟವನ್ನು ಹಿಮ್ಮುಖವಾಗಿ ಹತ್ತಿ, ಈ ಸಲ ಸೈಕಲ್ಲನ್ನೇ ಒಪ್ಪಿಸಿದನು. ಮಾಞ್ ಗೆದ್ದನು, ವಿಯೆತ್ತೋ ಐದನೆಯವನಾದನು. ಮುಂದೆ 1939ರಲ್ಲಿ ಎರಡನೆಯ ಸ್ಥಾನ ದೊರೆಯಿತು. 1947ರಲ್ಲಿ ಹಲವು ದಿನ ಹಳದಿಯಂಗಿಯನ್ನು ತೊಟ್ಟು ಕೊನೆಯ ಮಜಲುಗಳಲ್ಲಿ ಕಳೆದುಕೊಂಡನು. ಆ ಪಂದ್ಯವನ್ನು ಅವನೆಂದಿಗೂ ಗೆಲ್ಲಲಿಲ್ಲ.

ಇದನ್ನು ತ್ಯಾಗವೆಂದು ಹೊಗಳಿ ಕೈತೊಳೆದುಕೊಳ್ಳುವುದು ಸುಲಭ. ನಮ್ಮ ಜನಕ್ಕೆ ಆ ಚಾಳಿ ಹೆಚ್ಚು. ಆದರೆ ಹಿಂದಿನವರು ಈ ವಿಷಯದಲ್ಲಿ ಬಹಳ ಖಚಿತವಾಗಿದ್ದರು. ಸೋಮಯಾಗದಲ್ಲಿ 16 ಮಂದಿ ಋತ್ವಿಜರು ದುಡಿಯುವರು, ಫಲವು ಯಜಮಾನನೊಬ್ಬನದೇ. ಋತ್ವಿಜನು ಸ್ವರ್ಗದಲ್ಲಿ ಪಾಲು ಕೇಳುವಂತಿಲ್ಲ. ಆದರೆ ದಕ್ಷಿಣೆಯಿಲ್ಲದ ಯಾಗವನ್ನು ಶಾಸ್ತ್ರವು ಒಪ್ಪುವುದಿಲ್ಲ. ಅದು ಔದಾರ್ಯದ ಮಾತಲ್ಲ, ಕರ್ಮದ ಅಂಗ. ಯುರೋಪಿನ ಪಂದ್ಯವೂ ಇದೇ ನ್ಯಾಯದಿಂದ ನಡೆಯುತ್ತದೆ. ಮೇಲ್ದರ್ಜೆಯ ತಂಡಗಳ ಸವಾರರಿಗೆ ಇಂತಿಷ್ಟಕ್ಕೆ ಕಡಿಮೆಯಾಗದ ವೇತನವನ್ನು ಕೊಡಲೇಬೇಕೆಂಬ ನಿಯಮವಿದೆ. ಗೆದ್ದ ನಾಯಕನು ಬಹುಮಾನದ ಹಣವನ್ನು ಸಂಗಡಿಗರಿಗೆ ಹಂಚುವುದು ರೂಢಿ. ಸೀಸೆ ಹೊತ್ತವನೂ ಅದರಿಂದಲೇ ಮನೆ ಕಟ್ಟಿಸಿ ಮಕ್ಕಳನ್ನು ಓದಿಸುವನು. ವೃತ್ತಿಯೆಂದರೆ ಇದೇ.

ಇತ್ತ ಈ ಸೀಮೆಯನ್ನು ನೋಡಬೇಕು. ಮುಧೋಳ, ಜಮಖಂಡಿ ಕಡೆಯ ಜಾತ್ರೆಗಳಲ್ಲಿ ತೆರೆಬಂಡಿಯ ಸ್ಪರ್ಧೆಯೊಂದಿಗೆ ಸೈಕಲ್ ಓಟವೂ ಇರುವುದುಂಟು. ಅಲ್ಲಿ ಮೊದಲು ಬಂದವನ ಕೊರಳಿಗೆ ಮಾಲೆ. ಅರ್ಧದಾರಿಯ ತನಕ ಗಾಳಿಯನ್ನು ಸೀಳಿದವನ ಹೆಸರನ್ನು ಯಾರೂ ಬರೆದಿಡುವುದಿಲ್ಲ. ವಿಜಯಪುರ, ಬಾಗಲಕೋಟೆಗಳ ಸರಕಾರಿ ಕ್ರೀಡಾನಿಲಯಗಳೂ ರಾಮದುರ್ಗ ತಾಲ್ಲೂಕಿನ ಚಂದರಗಿಯ ಕ್ರೀಡಾಶಾಲೆಯೂ ಒಕ್ಕಲಿಗರ, ಕೂಲಿಕಾರರ ಮಕ್ಕಳನ್ನು ಕರೆದುಕೊಂಡು ಸೈಕಲ್ಲಿನ ಮೇಲೆ ಕೂರಿಸಿವೆ. ಆ ಹುಡುಗರೂ ಹುಡುಗಿಯರೂ ರಾಷ್ಟ್ರಮಟ್ಟದಲ್ಲಿ ಪದಕಗಳನ್ನು ತಂದಿರುವರು. ಕರ್ನಾಟಕದಲ್ಲಿ ಸೈಕಲ್ ಪಂದ್ಯವೆಂದರೆ ಈ ಮೂರು ಜಿಲ್ಲೆಗಳ ಕಡೆಗೇ ಬೆರಳು ತೋರಿಸುವಂತಾಗಿದೆ. ಅನಂತರವೇನು? ಭಾಗ್ಯವಿದ್ದವನಿಗೆ ಪ್ರಮಾಣಪತ್ರದ ಬಲದಿಂದ ರೈಲ್ವೆಯಲ್ಲಿಯೋ ಸೈನ್ಯದಲ್ಲಿಯೋ ನೌಕರಿ. ಅದು ಒಳ್ಳೆಯದೇ, ಅನ್ನ ಹುಟ್ಟಿಸುವ ನೌಕರಿಯನ್ನು ಹಳಿಯುವವನು ಹಸಿದವನಲ್ಲ. ಆದರೆ ಅದು ಸೈಕಲ್ಲಿನ ವೃತ್ತಿಯಲ್ಲ, ಸೈಕಲ್ಲಿನಿಂದ ಇಳಿಯುವ ದಾರಿ. ಬೆಂಗಳೂರಿನಲ್ಲಿ ನೆಲಸಿದ ರಾಷ್ಟ್ರೀಯ ಚಾಂಪಿಯನ್ ನವೀನ್ ಜಾನ್ ಅವರು ಕಳೆದ ದಶಕದಲ್ಲಿ ವೃತ್ತಿಯನ್ನು ಅರಸಿ ಆಸ್ಟ್ರೇಲಿಯದ ತಂಡವನ್ನು ಸೇರಬೇಕಾಯಿತು.

2008ರಿಂದ ನೀಲಗಿರಿಯ ಸುತ್ತ ಹಲವು ದಿನಗಳ ಸೈಕಲ್ ಯಾತ್ರೆಯೊಂದು ಕರ್ನಾಟಕದಿಂದ ಹೊರಡುತ್ತಿದೆ. ಸೊಗಸಾದ ಯಾತ್ರೆ, ಆದರೆ ಅಲ್ಲಿ ಸವಾರರೇ ಹಣ ತೆತ್ತು ಬರುವರು. ಶ್ರೌತದಲ್ಲಿ ಸತ್ರವೆಂಬುದೊಂದುಂಟು: ಅದರಲ್ಲಿ ಎಲ್ಲರೂ ಯಜಮಾನರೇ, ದಕ್ಷಿಣೆಯ ಮಾತಿಲ್ಲ. ಇದು ಆ ಜಾತಿಯದು. ಮಜಲುಗಳುಳ್ಳ ಅಂತರರಾಷ್ಟ್ರೀಯ ವೃತ್ತಿಪಂದ್ಯವು ಈ ಸೀಮೆಯ ನೆರೆಗೆ ಬಂದುದು 2026ರ ಜನವರಿಯಲ್ಲಿ. 19ರಿಂದ 23ರ ಪರ್ಯಂತ ಪುಣೆಯ ಸುತ್ತ 437 ಕಿಲೋಮೀಟರುಗಳ ‘ಪುಣೆ ಗ್ರ್ಯಾಂಡ್ ಟೂರ್’ ನಡೆಯಿತು. ಆರಂಭದ ಕಿರು ಓಟವಾದ ಮೇಲೆ ನಾಲ್ಕು ಮಜಲುಗಳು. ವಿದೇಶದ ತಂಡಗಳು ಬಂದುವು. ಹಾದಿಗೆ ಹೊಸ ಡಾಂಬರು ಬಿದ್ದಿತು. ಪುಣೆಯು ಇಲ್ಲಿಯವರಿಗೆ ಪರದೇಶವಲ್ಲ. ದುಡಿಮೆಗೂ ಔಷಧಕ್ಕೂ ಒಂದು ರಾತ್ರಿಯ ಬಸ್ಸಿನಲ್ಲಿ ಹೋಗಿಬರುವ ಊರು.

ಓದಿದ ಮನೆಗಳಲ್ಲಿ ಈ ಮಾತೆತ್ತಿದರೆ, ಮಗನನ್ನು ಸೈಕಲ್ ತುಳಿಯಲಿಕ್ಕೆ ಓದಿಸಿದೆವೇ ಎಂಬ ಉತ್ತರ ಬರುವುದು. ಅದು ತಪ್ಪೆನ್ನಲಾಗದು, ಏಕೆಂದರೆ ಲೆಕ್ಕವು ಹಾಗಿದೆ: ಅಂತರರಾಷ್ಟ್ರೀಯ ಪಂದ್ಯಕ್ಕೆ ಸಲ್ಲುವ ಸೈಕಲ್ಲೊಂದರ ಬೆಲೆ ಹಲವು ಲಕ್ಷ ರೂಪಾಯಿಗಳು, ಎಕರೆ ಕಬ್ಬಿನ ಹಣವೂ ಅದಕ್ಕೆ ಸಾಲದು. ಆ ಬೆಲೆಯನ್ನು ತಾನು ಹೊತ್ತು, ಏಳು ಮಂದಿ ಮನೆಯಾಳುಗಳಿಗೆ ತಿಂಗಳು ತಿಂಗಳು ಸಂಬಳವೆಣಿಸುವ ಯಜಮಾನನೊಬ್ಬನು ಬೇಕು. ಸಕ್ಕರೆ, ಸಿಮೆಂಟುಗಳ ಕಾರ್ಖಾನೆಗಳು ಈ ಸೀಮೆಯಲ್ಲಿವೆ. ಅವುಗಳ ಹೆಸರು ಯಾವ ಸವಾರನ ಬೆನ್ನಿನ ಮೇಲೂ ಇನ್ನೂ ಕಂಡಿಲ್ಲ.

ಬಿಸಿಲು ಇಳಿದು ಗಾಳಿ ತಗ್ಗುವ ಕಾಲವೇ ಈ ಅಭ್ಯಾಸಕ್ಕೆ ತಕ್ಕುದು. ಕಬ್ಬು ನುರಿಸುವ ಹಂಗಾಮೂ ಅದೇ. ಕಾರ್ತಿಕದಿಂದ ಮಾಘದ ತನಕ ಎರಡೆರಡು ಟ್ರೇಲರುಗಳನ್ನು ಎಳೆಯುವ ಟ್ರಾಕ್ಟರುಗಳು ಮುಧೋಳದ ರಸ್ತೆಯನ್ನು ತುಂಬಿರುತ್ತವೆ, ಹಲವಕ್ಕೆ ಹಿಂದೀಪವಿರುವುದಿಲ್ಲ. ಮೈಯೊಡ್ಡಿ ಅಭ್ಯಾಸ ಮಾಡುವ ಹುಡುಗರು ಮಂಜು ಹರಿದು ಬೆಳಗಾಗುವುದಕ್ಕೂ ಲಾರಿಗಳ ಸಾಲು ಆರಂಭವಾಗುವುದಕ್ಕೂ ನಡುವಿನ ಒಂದು ಗಂಟೆಯೊಳಗೆ ಹೋಗಿ ಬರಬೇಕು. ಸಾಲಾಗಿ ಬರುವರು. ಮುಂದಿನವನು ದಣಿದು ಮೊಣಕೈಯನ್ನು ತುಸು ಅಲುಗಿಸಿ ಬದಿಗೆ ಸರಿಯುವನು. ಎರಡನೆಯವನು ಮಾತಿಲ್ಲದೆ ಗಾಳಿಗೆ ಎದುರಾಗುವನು.