ಒಂದು ಕ್ವೆರಿ ಹಾಕ್ಬಿಡಿ

2016ರಲ್ಲಿ ನಾನು ಆ ಹೆಲ್ತ್ ಇನ್ಶೂರೆನ್ಸ್ ಕಂಪನಿಗೆ ಸೇರಿದಾಗ ಕ್ಲೇಮ್ಸ್ ವಿಭಾಗದಲ್ಲಿ ಇದ್ದದ್ದು ಹನ್ನೊಂದೇ ಜನ. ಕೆಳಗೊಂದು ದರ್ಶಿನಿ, ಮೇಲೆ ನಾವು. ನಮ್ಮ ಬಾಸ್ ಒಬ್ಬ ಡಾಕ್ಟರ್ ಮೇಡಂ. ಫೈಲಿನಲ್ಲಿ ಏನಾದ್ರೂ ಅರ್ಥ ಆಗ್ಲಿಲ್ಲ ಅಂದ್ರೆ ಆಸ್ಪತ್ರೆಯ ಡಾಕ್ಟರಿಗೆ ತಾವೇ ಫೋನ್ ಮಾಡೋರು. ಐದು ನಿಮಿಷ, ಕೆಲಸ ಮುಗೀತು. ಬೈಯೋದೂ ಜೋರೇ, ಆದ್ರೆ ಬೈಗುಳದಲ್ಲಿ ಏನೋ ಒಂದು ಕಲಿಯೋಕೆ ಇರ್ತಿತ್ತು.

ಕಂಪನಿ ಬೆಳೀತು ನೋಡಿ... ಮೂರೇ ವರ್ಷಕ್ಕೆ ಮೂರು ಮಹಡಿ, ಇನ್ನೂರು ಜನ. ಗೋಡೆ ಮೇಲೆ ದೊಡ್ಡ ಟೀವಿ ಬಂತು. ಅದರಲ್ಲಿ ಪ್ರತಿ ಟೀಮಿನ ಹೆಸರಿನ ಮುಂದೆ ಕೆಂಪು, ಹಳದಿ, ಹಸಿರು. ಹೊಸ ಮ್ಯಾನೇಜರ್ ಕಾಲ್ ಸೆಂಟರ್‌ನಿಂದ ಬಂದೋರು. ಕೆಟ್ಟವರೇನಲ್ಲ, ಯುಗಾದಿಗೆ ಎಲ್ಲರಿಗೂ ಹೋಳಿಗೆ ತರಿಸಿದ್ರು. ಆದ್ರೆ ಅವರು ಒಂದೇ ಒಂದು ಕ್ಲೇಮ್ ಫೈಲ್ ತೆರೆದು ಓದಿದ್ದನ್ನ ನಾನು ನೋಡ್ಲಿಲ್ಲ. ಅವರಿಗೆ ಬೇಕಿದ್ದದ್ದು ಹಸಿರು.

ಹಸಿರು ಮಾಡೋದು ಹೇಗೆ ಅಂತ ಹೇಳ್ತೀನಿ. ಆಸ್ಪತ್ರೆಯಿಂದ ಫೈನಲ್ ಬಿಲ್ ಬಂದ ಕೂಡ್ಲೆ ನಮ್ಮ ಗಡಿಯಾರ ಶುರು. ಇಷ್ಟು ಗಂಟೆಯೊಳಗೆ ಒಪ್ಪಿಗೆ ಕೊಡ್ಬೇಕು, ಇಲ್ಲಾಂದ್ರೆ ಕೆಂಪು. ಆದ್ರೆ ನಾವು ಆಸ್ಪತ್ರೆಗೆ ಒಂದು ಪ್ರಶ್ನೆ, ಅಂದ್ರೆ ಕ್ವೆರಿ ಕಳಿಸಿದ್ರೆ ಗಡಿಯಾರ ನಿಂತುಬಿಡುತ್ತೆ. ಉತ್ತರ ಬಂದಮೇಲೆ ಮತ್ತೆ ಸೊನ್ನೆಯಿಂದ. ಸಂಜೆ ಐದೂವರೆ ಆಯ್ತು ಅಂದ್ರೆ ಮ್ಯಾನೇಜರ್ ನಮ್ಮ ಬೆನ್ನ ಹಿಂದೆ ಓಡಾಡ್ತಾ, "ಒಂದು ಕ್ವೆರಿ ಹಾಕ್ಬಿಡಿ, ಒಂದು ಕ್ವೆರಿ ಹಾಕ್ಬಿಡಿ" ಅನ್ನೋರು, ಮದುವೆ ಮನೇಲಿ ಪಲ್ಯ ಬಡಿಸೋಕೆ ಹೇಳಿದ ಹಾಗೆ.

2019ರಲ್ಲಿ ಹಾವೇರಿ ಕಡೆಯ ಒಬ್ಬರ ಫೈಲ್ ಬಂತು. ಪಿತ್ತಕೋಶದ ಕಲ್ಲಿನ ಆಪರೇಷನ್. ಇಂಥದ್ದಕ್ಕೆ ಸಾಮಾನ್ಯವಾಗಿ ಪಾಲಿಸಿ ತಗೊಂಡು ಎರಡು ವರ್ಷ ಕಾಯಬೇಕು. ಇವರದ್ದು ನಾಲ್ಕನೇ ವರ್ಷ ನಡೀತಿತ್ತು. ಸ್ಕ್ಯಾನ್ ರಿಪೋರ್ಟ್, ಡಿಸ್ಚಾರ್ಜ್ ಸಮರಿ ಎಲ್ಲಾ ಸರಿ ಇತ್ತು. ಇನ್ನು ಹತ್ತು ನಿಮಿಷದಲ್ಲಿ ಕೆಂಪಾಗುತ್ತೆ, ನನ್ನ ಮುಂದೆ ಇನ್ನೂ ಆರು ಫೈಲ್. "ಮೊದಲ ಸಲ ತೋರಿಸಿದಾಗಿನ ಡಾಕ್ಟರ ಚೀಟಿ ಕಳಿಸಿ" ಅಂತ ಕ್ವೆರಿ ಹಾಕ್ದೆ.

ಸ್ವಲ್ಪ ಹೊತ್ತಿಗೆ ಅವರ ಮಗಳ ಫೋನ್ ಹೇಗೋ ನನ್ನ ಟೇಬಲ್ಲಿಗೇ ಬಂತು. "ಸರ್, ಆ ಚೀಟಿ ಊರಾಗೈತ್ರಿ. ತರಾಕ ನಾಳಿ ಆಕ್ಕೈತ್ರಿ. ಮುಂಜಾನಿಂದ ಡಿಸ್ಚಾರ್ಜ್ ಅಂತ ಕುಂದ್ರಿಸ್ಯಾರ್ರಿ." ಆ ಕ್ವೆರಿ ವಾಪಸ್ ತಗೊಳ್ಳೋ ಬಟನ್ ನನ್ನ ಸ್ಕ್ರೀನ್ ಮೇಲೇ ಇತ್ತು. ನಾನು ಹೇಳಿದ್ದು, "ಸಿಸ್ಟಮ್‌ನಲ್ಲಿ ಹಾಗೇ ಇದೆ ಮೇಡಂ." ಅವರು ಇನ್ನೊಂದು ರಾತ್ರಿ ಆಸ್ಪತ್ರೆಯಲ್ಲೇ ಉಳಿದ್ರು. ಆ ರಾತ್ರಿಯ ರೂಮ್ ಬಾಡಿಗೆ ಅವರ ಜೇಬಿಂದಲೇ ಹೋಯ್ತು, ನಮ್ಮ ಕಂಪನಿ ಕೊಡ್ಲಿಲ್ಲ.

ಆ ತಿಂಗಳು ನಮ್ಮ ಟೀಮ್ ಪೂರ್ತಿ ಹಸಿರು. ಕೇಕ್ ಕಟ್ ಮಾಡಿದ್ರು. ನಾನೂ ತಿಂದೆ, ಎರಡು ಪೀಸು.

ಡಾಕ್ಟರ್ ಮೇಡಂಗೆ ಅಷ್ಟರಲ್ಲಿ "ಕ್ವಾಲಿಟಿ" ಅಂತ ಒಂದು ಹುದ್ದೆ ಕೊಟ್ಟು ಮೂಲೆಯ ಕ್ಯಾಬಿನ್‌ಗೆ ಕಳಿಸಿದ್ರು. ಕೆಳಗೆ ಒಬ್ಬ ಜನ ಇಲ್ಲ. ವರದಿ ಬರೀತಿದ್ರು, ಯಾರೂ ಓದ್ತಿರ್ಲಿಲ್ಲ. ಕೆಲಸ ಬಿಟ್ಟ ದಿನ ಲಿಫ್ಟ್ ಹತ್ರ ಸಿಕ್ಕಿದ್ರು. ವಿದಾಯದ ಮಾತು ಏನಾದ್ರೂ ಹೇಳ್ತಾರೆ ಅಂದ್ಕೊಂಡೆ. "ಆ ಹಾವೇರಿ ಕೇಸಲ್ಲಿ ಚೀಟಿ ಯಾಕೆ ಕೇಳಿದ್ರಿ?" ಅಂದ್ರು. ನಾನು ಉತ್ತರ ಹೇಳೋಕೆ ಬಾಯಿ ತೆಗೀತಾ ಇದ್ದ ಹಾಗೇ ಲಿಫ್ಟ್ ಬಂತು. ಬಂದದ್ದು ಒಳ್ಳೇದೇ ಆಯ್ತು, ಉತ್ತರ ಇರ್ಲಿಲ್ಲ.

2021ರಲ್ಲಿ ನಾನೂ ಬಿಟ್ಟೆ. ಪಶ್ಚಾತ್ತಾಪದಿಂದ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಬೇರೆ ಕಡೆ ಸಂಬಳ ಜಾಸ್ತಿ ಇತ್ತು :)

2024ರ ಮೇ ತಿಂಗಳಲ್ಲಿ ವಿಮಾ ಪ್ರಾಧಿಕಾರ ಹೊಸ ನಿಯಮ ತಂತು. ಆಸ್ಪತ್ರೆ ಡಿಸ್ಚಾರ್ಜ್ ಕೋರಿಕೆ ಕಳಿಸಿದ 3 ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡ್ಬೇಕು, ತಡ ಆಗಿ ಆಸ್ಪತ್ರೆ ಹೆಚ್ಚಿಗೆ ಹಣ ಹಾಕಿದ್ರೆ ಅದನ್ನ ವಿಮಾ ಕಂಪನಿ ತನ್ನ ಷೇರುದಾರರ ನಿಧಿಯಿಂದಲೇ ಕಟ್ಟಬೇಕು ಅಂತ. ಓದಿದಾಗ ಮೊದಲು ನೆನಪಾದದ್ದು ಆ ಹಾವೇರಿಯ ಹುಡುಗಿಯ ದನಿ.

ಹೋದ ತಿಂಗಳು ಮೈಸೂರಲ್ಲಿ ನಮ್ಮ ದೊಡ್ಡಮ್ಮನ ಡಿಸ್ಚಾರ್ಜ್ ಇತ್ತು. ಇನ್ಶೂರೆನ್ಸ್ ಕೌಂಟರಿನ ಹುಡುಗಿ ಕರೆದು, "ಸಾರ್, ಕ್ವೆರಿ ಬಂದಿದೆ" ಅಂದ್ಲು. ಗಡಿಯಾರ ನೋಡ್ದೆ. ಮೂರು ಗಂಟೆ ಆಗೋಕೆ ಇನ್ನು ಇಪ್ಪತ್ತು ನಿಮಿಷ ಇತ್ತು. "ಮೊದಲ ಸಲ ತೋರಿಸಿದ ಚೀಟಿನಾ?" ಅಂತ ಕೇಳ್ದೆ. "ನಿಮಗೆ ಹೇಗೆ ಗೊತ್ತಾಯ್ತು ಸಾರ್?" ಅಂದ್ಲು.

ಚೀಟಿ ಬ್ಯಾಗಲ್ಲೇ ಇತ್ತು, ಎರಡು ಜೆರಾಕ್ಸ್ ಸಮೇತ.