ರಾಜನ ದೂರ, ಕುದುರೆಯ ದೂರ

ಸುಲೇಪೇಟದ ಓದುಗ ಗೆಳೆಯರಿಗೆ,

ಚೆಸ್ ಆಡುವ ಪ್ರೋಗ್ರಾಮ್ ಬರೆಯಲು ಕೂತಿದ್ದೀರಂತೆ. ಒಂದು ಮನೆಯಿಂದ ಇನ್ನೊಂದು ಮನೆಗೆ ದೂರ ಎಷ್ಟೆಂದು ಕಂಪ್ಯೂಟರಿಗೆ ಹೇಳಿಕೊಡುವುದು ಹೇಗೆ ಎಂದು ಕೇಳಿದ್ದೀರಿ. ಇಷ್ಟು ಒಳ್ಳೆಯ ಪ್ರಶ್ನೆ ಬಂದು ಬಹಳ ದಿನವಾಗಿತ್ತು. ನನ್ನ ಉತ್ತರ ಒಂದೇ: ದೂರ ಎಷ್ಟು ಅನ್ನುವ ಮೊದಲು ನಡೆಯುವವರು ಯಾರು ಅಂತ ಕೇಳಿ.

ನಮ್ಮ ಕಡೆಯ ಮನೆಗಳಲ್ಲಿ ಹಾಸಿರುವ ಶಹಾಬಾದ್ ಫರಸಿಯನ್ನೇ ನೋಡಿ. ಪಕ್ಕದ ಕಲ್ಲಿಗೆ ಕಾಲಿಟ್ಟರೂ ಒಂದು ಹೆಜ್ಜೆ, ಓರೆಯಲ್ಲಿರುವ ಕಲ್ಲಿಗೆ ಇಟ್ಟರೂ ಒಂದೇ ಹೆಜ್ಜೆ ಎಂದು ಎಣಿಸಿದರೆ ಅದು ರಾಜನ ದೂರ. ಅಡ್ಡಕ್ಕೆ ಎಷ್ಟು ಮನೆ, ಉದ್ದಕ್ಕೆ ಎಷ್ಟು ಮನೆ ಎಂದು ನೋಡಿ, ಎರಡರಲ್ಲಿ ದೊಡ್ಡದನ್ನು ಇಟ್ಟುಕೊಂಡರೆ ಆಯಿತು. ಗಣಿತದವರು ಇದನ್ನು ರಷ್ಯದ ಚೆಬಿಷೆವ್ ಹೆಸರಿನಿಂದ ಕರೆಯುತ್ತಾರೆ. ದೊಡ್ಡದನ್ನು ಆರಿಸದೆ ಎರಡನ್ನೂ ಕೂಡಿಸಿದರೆ ಸಿಗುವುದು ಮ್ಯಾನ್‌ಹಟನ್ ದೂರ. ಒಂಟಿ ರಾಜನನ್ನು ನಡುಮಣೆಯಿಂದ ಅಂಚಿಗೆ ತಳ್ಳಿ ಕಟ್ಟಿಹಾಕುವಾಗ, ಅವನು ನಡುವಿನಿಂದ ಎಷ್ಟು ದೂರ ಸರಿದ ಎಂದು ಅಳೆಯಲು ಅದು ಉಪಯೋಗಕ್ಕೆ ಬರುತ್ತದೆ.

ರಾಜನ ದೂರದ ಚೆಲುವನ್ನು ನೋಡಬೇಕಾದರೆ 1921ರಲ್ಲಿ ರಿಚರ್ಡ್ ರೇತಿ ರಚಿಸಿದ ಸಮಸ್ಯೆಯನ್ನು ಮಣೆಯ ಮೇಲೆ ಜೋಡಿಸಿ. ಬಿಳಿ ರಾಜ ಎಚ್8ರಲ್ಲಿ, ಬಿಳಿ ಸೈನಿಕ ಸಿ6ರಲ್ಲಿ. ಕಪ್ಪು ರಾಜ ಎ6ರಲ್ಲಿ, ಕಪ್ಪು ಸೈನಿಕ ಎಚ್5ರಲ್ಲಿ. ನಡೆ ಬಿಳಿಯದು. ಕಪ್ಪು ಸೈನಿಕ ಓಡಿಹೋದ, ಇನ್ನು ಕೈಗೆ ಸಿಗುವುದಿಲ್ಲ ಎಂದೇ ಕಣ್ಣು ಹೇಳುತ್ತದೆ. ಬಿಳಿ ರಾಜ ಅವನ ಹಿಂದೆ ನೇರ ಓಡದೆ ಜಿ7, ಎಫ್6, ಇ5 ಎಂದು ಓರೆಯಾಗಿ ಇಳಿಯುತ್ತಾನೆ. ಅಷ್ಟರಲ್ಲಿ ಹತ್ತಿರ ಬಂದ ಕಪ್ಪು ರಾಜ ಸಿ6ರ ಸೈನಿಕನನ್ನು ಹೊಡೆದರೆ ಬಿಳಿ ರಾಜ ಎಫ್4, ಜಿ3 ಹಿಡಿದು ಎಚ್ ಸಾಲಿನ ಸೈನಿಕನನ್ನು ಹಿಡಿಯುತ್ತಾನೆ. ಹೊಡೆಯದೆ ಕಪ್ಪು ತನ್ನ ಸೈನಿಕನನ್ನು ಮುಂದೊತ್ತಿದರೆ, ಬಿಳಿ ರಾಜ ಡಿ6ಕ್ಕೆ ಬಂದು ತನ್ನ ಸೈನಿಕನಿಗೆ ಬೆಂಬಲ ಕೊಡುತ್ತಾನೆ. ಎರಡು ದಾರಿಯಲ್ಲೂ ಆಟ ಡ್ರಾ. ಎಚ್8ರಿಂದ ಜಿ3ಕ್ಕೆ ಅತಿ ಹತ್ತಿರದ ದಾರಿ 5 ನಡೆ. ಇ5ನ್ನು ಮುಟ್ಟಿ ಹೋದರೂ 5 ನಡೆಯೇ. ಸುತ್ತಿ ಹೋದರೂ ಒಂದು ಹೆಜ್ಜೆಯೂ ನಷ್ಟವಿಲ್ಲ! ಸ್ಕೇಲು ಹಿಡಿದು ಅಳೆಯುವವರಿಗೆ ಇದು ಎಂದೂ ಕಾಣುವುದಿಲ್ಲ.

ಈಗ ಕೋಡಿಗೆ ಬರೋಣ. ಮನೆಗಳಿಗೆ 0ಯಿಂದ 63ರವರೆಗೆ ನಂಬರ್ ಕೊಟ್ಟು, ಬರೀ ನಂಬರುಗಳನ್ನು ಕಳೆದು ದೂರ ತೆಗೆಯಬೇಡಿ. ಎಚ್1ಕ್ಕೆ 7, ಎ2ಕ್ಕೆ 8. ಕಳೆದರೆ 1. ಆದರೆ ರಾಜ ಅಲ್ಲಿಗೆ ಮುಟ್ಟಲು 7 ನಡೆ ಬೇಕು. ನಂಬರನ್ನು 8ರಿಂದ ಭಾಗಿಸಿ, ಭಾಗಲಬ್ಧವನ್ನು ಅಡ್ಡಸಾಲು, ಶೇಷವನ್ನು ಕಂಬಸಾಲು ಎಂದು ಬಿಡಿಸಿಕೊಂಡೇ ಲೆಕ್ಕ ಹಾಕಬೇಕು. ಪ್ರತಿ ಸಲ ಲೆಕ್ಕ ಹಾಕುತ್ತಾ ಕೂರುವುದು ಬೇಡವೆಂದರೆ ಪ್ರೋಗ್ರಾಮ್ ಶುರುವಾದಾಗಲೇ 64ಕ್ಕೆ 64ರ ಟೇಬಲ್ ತುಂಬಿಡಿ. ಒಟ್ಟು 4,096 ಅಂಕೆ, ಇಂದಿನ ಯಂತ್ರಕ್ಕೆ ಏನೇನೂ ಅಲ್ಲ. ಹಳೆಯ ಪ್ರೋಗ್ರಾಮರುಗಳು ಇನ್ನೊಂದು ಉಪಾಯ ಕಂಡುಕೊಂಡಿದ್ದರು. ಪ್ರತಿ ಸಾಲಿನ ಪಕ್ಕದಲ್ಲಿ 8 ಖಾಲಿ ಮನೆ ಬಿಟ್ಟು ಸಾಲಿಗೆ 16ರಂತೆ ನಂಬರ್ ಹಾಕುವುದು. ಆಗ ಎಚ್1 7, ಎ2 16, ವ್ಯತ್ಯಾಸ 9. ಈ 9 ಬೇರೆ ಯಾವ ರೀತಿಯ ಜೋಡಿಯಲ್ಲೂ ಬರದು. ಹಾಗಾಗಿ ವ್ಯತ್ಯಾಸ ಒಂದರಿಂದಲೇ ದೂರ ಗೊತ್ತಾಗುತ್ತದೆ, 239 ಅಂಕೆಗಳ ಟೇಬಲ್ ಸಾಕು. ಮೆಮೊರಿ ಕಡಿಮೆ ಇದ್ದ ಕಾಲದ ಈ ಜಾಣ್ಮೆ ನನಗೆ ಇಂದಿಗೂ ಬಹಳ ಇಷ್ಟ.

ಕುದುರೆಯ ದೂರ ಮಾತ್ರ ಇಂಥ ಸೂತ್ರಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಎ1ರಿಂದ ಓರೆಯಲ್ಲೇ ಇರುವ ಬಿ2ಕ್ಕೆ ಕುದುರೆಗೆ 4 ನಡೆ ಬೇಕು. ಎದುರು ತುದಿಯ ಎಚ್8ಕ್ಕೆ 6 ಸಾಕು, ರಾಜನಿಗಿಂತ ಒಂದು ಕಡಿಮೆ! ಒಂದು ನಡೆಯಲ್ಲಿ ಮುಟ್ಟುವ ಮನೆಗಳೆಲ್ಲಕ್ಕೆ 1, ಅಲ್ಲಿಂದ ಮುಟ್ಟುವ ಹೊಸ ಮನೆಗಳಿಗೆ 2 ಎಂದು ಮಣೆ ತುಂಬುವವರೆಗೆ ಬರೆಯುತ್ತಾ ಹೋಗುವುದೇ ಸರಿಯಾದ ದಾರಿ. ಕುದುರೆಯ ಈ ವಿಚಿತ್ರ ನಡೆಗೆ ಮನಸೋತವರಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರೂ (1794–1868) ಒಬ್ಬರು. ಒಂದೊಂದು ಮನೆಯನ್ನೂ ಒಮ್ಮೆ ಮಾತ್ರ ಮುಟ್ಟಿ 64 ಮನೆಯನ್ನೂ ಮುಗಿಸುವ ಕುದುರೆ ನಡೆಗಳನ್ನು ಅವರು ರಚಿಸಿದ್ದರು, ಅದೂ ಕಂಪ್ಯೂಟರ್ ಇಲ್ಲದ ಕಾಲದಲ್ಲಿ.

ಕೋಡ್ ಬರೆದಾದ ಮೇಲೆ ಮೊದಲು ಈ ಮೂರನ್ನು ಪರೀಕ್ಷಿಸಿ: ಎಚ್1ರಿಂದ ಎ2ಕ್ಕೆ ರಾಜನಿಗೆ 7, ಎ1ರಿಂದ ಬಿ2ಕ್ಕೆ ಕುದುರೆಗೆ 4, ಎ1ರಿಂದ ಎಚ್8ಕ್ಕೆ ಕುದುರೆಗೆ 6. ಮೂರೂ ಸರಿ ಬಂದ ದಿನ ನನಗೆ ತಪ್ಪದೆ ಬರೆಯಿರಿ.

ನಿಮ್ಮ ಗೆಳೆಯ